ಬಿಡುವಿಲ್ಲದ ಬಾಳು ಮತ್ತು ದೇಹಧರ್ಮ

ಮನುಷ್ಯನು ತನ್ನ ದೇಹವನ್ನು ಕಾಪಾಡಿಕೊಳ್ಳುವುದು ಧರ್ಮವೋ ಸ್ವಾರ್ಥವೋ ಎಂಬುದು ಬಹು ಹಳೆಯ ಪ್ರಶ್ನೆ. ಆರೋಗ್ಯವಂತನಿಗೆ ಇದು ಹೊತ್ತು ಕಳೆಯುವ ಚರ್ಚೆಯ ವಿಷಯವಾಗಿರಬಹುದು. ಮಧುಮೇಹವುಳ್ಳವನಿಗಾದರೋ ಇದು ದಿನಕ್ಕೆ ನಾಲ್ಕಾರು ಬಾರಿ ಎದುರಾಗುವ ವ್ಯವಹಾರದ ಪ್ರಶ್ನೆಯಾಗಿದೆ. ಕಚೇರಿಯಲ್ಲಿ ಮೇಲಧಿಕಾರಿ ಕರೆದಿರುವಾಗ ಊಟದ ವೇಳೆ ಮೀರುತ್ತಿದೆ, ಏಳಬೇಕೆ, ಕುಳಿತಿರಬೇಕೆ? ಮನೆಯಲ್ಲಿ ವೃದ್ಧಮಾತೆಗೆ ಆಲಸ್ಯವಾಗಿದೆ. ಸಂಜೆಯ ನಡಿಗೆಗೆ ಹೊರಡಬೇಕೆ, ಬಿಡಬೇಕೆ? ಹಬ್ಬದ ಅಡಿಗೆ ಇನ್ನೂ ಮುಗಿದಿಲ್ಲ, ನೈವೇದ್ಯವಾಗಿಲ್ಲ, ಬೆಳಗಿನ ಮಾತ್ರೆಯೇನೋ ಹೊಟ್ಟೆಯನ್ನು ಸೇರಿದೆ. ಏನನ್ನಾದರೂ ತೆಗೆದುಕೊಳ್ಳಬೇಕೆ, ತಡೆದುಕೊಳ್ಳಬೇಕೆ? ಇವೆಲ್ಲವೂ ವೈದ್ಯರ ಮುಂದೆ ಇಡತಕ್ಕ ಪ್ರಶ್ನೆಗಳಂತೆ ತೋರಿದರೂ ಇವುಗಳ ಬೇರು ಧರ್ಮವಿಚಾರದಲ್ಲಿದೆ. ಏಕೆಂದರೆ ಪ್ರತಿಯೊಂದರಲ್ಲಿಯೂ "ನನ್ನ ಪಾಲಿನ ಕರ್ತವ್ಯಗಳಲ್ಲಿ ಯಾವುದು ಮೊದಲು?" ಎಂಬ ಸಂದೇಹವೇ ಅಡಗಿದೆ. ಈ ವಿಷಯವಾಗಿ ವಾಚಕರೊಡನೆ ಕೆಲವು ಮಾತುಗಳನ್ನು ಆಡಬೇಕೆಂಬುದು ನಮ್ಮ ಉದ್ದೇಶ.

ಇದು ಕೆಲವರ ಪ್ರಶ್ನೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, 2021ರ ವೇಳೆಗೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿ ಮಧುಮೇಹಿಗಳಿದ್ದರು. ಇನ್ನೂ 13 ಕೋಟಿ 60 ಲಕ್ಷ ಮಂದಿ ಅದರ ಹೊಸ್ತಿಲಲ್ಲಿದ್ದರು. ಪ್ರವಚನಕ್ಕೆ ನೂರು ಜನ ಸೇರಿದರೆ ಅವರಲ್ಲಿ ಹತ್ತಕ್ಕೆ ಕಡಿಮೆಯಿಲ್ಲದಷ್ಟು ಜನ ಈ ರೋಗವನ್ನು ಹೊತ್ತುಕೊಂಡೇ ಕುಳಿತಿರುತ್ತಾರೆಂದು ಎಣಿಸಬಹುದು. ಅವರಲ್ಲಿ ಕೆಲವರಿಗೆ ಅದರ ಅರಿವೂ ಇರಲಾರದು.

ಈ ರೋಗದ ಸ್ವಭಾವವು ಇತರ ರೋಗಗಳಂತಲ್ಲ. ಜ್ವರ ಬಂದವನು ಮಲಗುತ್ತಾನೆ; ಮನೆಯವರು ಗಂಜಿ ಕಾಯಿಸುತ್ತಾರೆ; ವಾರದಲ್ಲಿ ಎದ್ದು ಕೆಲಸಕ್ಕೆ ಹೋಗುತ್ತಾನೆ. ಮಧುಮೇಹವು ಹಾಗೆ ರಜೆ ಕೊಡಿಸುವುದಿಲ್ಲ. ನೋವಿಲ್ಲ, ಕಾವಿಲ್ಲ, ಹೊರಗಿನ ಲಕ್ಷಣಗಳೂ ಹಲವು ವರ್ಷ ಕಾಣದಿರಬಹುದು. ಒಳಗೆ ಮಾತ್ರ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ಕಾಲಿನ ನರಗಳು, ಹೃದಯದ ರಕ್ತನಾಳಗಳು ಮೆಲ್ಲಮೆಲ್ಲನೆ ಸವೆಯುತ್ತಿರುತ್ತವೆ. ಇಲ್ಲಿ ವೈದ್ಯನು ದಾರಿಯನ್ನು ತೋರಿಸಬಲ್ಲನೇ ಹೊರತು ನಡೆಯಬೇಕಾದವನು ರೋಗಿಯೇ. ಏನು ತಿನ್ನಬೇಕು, ಎಷ್ಟು ತಿನ್ನಬೇಕು, ಯಾವಾಗ ನಡೆಯಬೇಕು, ಯಾವಾಗ ಮಲಗಬೇಕು ಎಂಬುದೆಲ್ಲ ಅವನ ಕೈಯಲ್ಲಿಯೇ ಇದೆ. ದಿನಚರಿಯೇ ಚಿಕಿತ್ಸೆಯಾಗಿರುವ ರೋಗವಿದು. ಆದುದರಿಂದಲೇ ದಿನಚರಿ ಕೆಟ್ಟವನಿಗೆ ಇದು ಕಠಿನ.

ನಮ್ಮ ಪೂರ್ವಿಕರಿಗೆ ಈ ಸಂಬಂಧವು ತಿಳಿಯದೆ ಇರಲಿಲ್ಲ. ಚರಕಸಂಹಿತೆಯು ಪ್ರಮೇಹದ ಕಾರಣಗಳನ್ನು ಹೇಳುವಾಗ ಕುಳಿತಿರುವ ಸುಖ, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ಭಕ್ಷ್ಯಗಳು ಇವುಗಳನ್ನು ಒಟ್ಟಿಗೆ ಎಣಿಸುತ್ತದೆ. ಸುಶ್ರುತಸಂಹಿತೆಯು ಅದೇ ರೋಗಿಗೆ ನೂರು ಯೋಜನ ನಡೆಯುವಂತೆಯೂ ಬಾವಿ ತೋಡುವಂತೆಯೂ ವಿಧಿಸುತ್ತದೆ. ಕುಳಿತುಣ್ಣುವ ಜೀವನವೇ ಈ ವ್ಯಾಧಿಯ ತೌರುಮನೆಯೆಂಬುದು ಆ ಕಾಲಕ್ಕೇ ನಿಶ್ಚಿತವಾಗಿದ್ದಿತು. ಇಂದಿನವರದು ಒಂದು ವಿಚಿತ್ರ ಅವಸ್ಥೆ. ಇವರು ಕುಳಿತಲ್ಲಿಂದ ಏಳುವುದಿಲ್ಲ. ಆದರೂ ಇವರಿಗೆ ವಿಶ್ರಾಂತಿಯಿಲ್ಲ. ದೇಹವು ಜಡವಾಗಿ ಮನಸ್ಸು ಓಡುತ್ತಿರುತ್ತದೆ. ಹಿಂದಿನ ಶ್ರೀಮಂತನಿಗೆ ಆಲಸ್ಯದಿಂದ ಬಂದ ರೋಗವು ಇಂದಿನ ಗುಮಾಸ್ತನಿಗೆ ಅವಸರದಿಂದ ಬರುತ್ತಿದೆ.

ಈಗ ಪೂರ್ವಪಕ್ಷವನ್ನು ಕೇಳೋಣ. ಐವತ್ತರ ಸಮೀಪದ ಗೃಹಸ್ಥನು ಹೇಳುವ ಮಾತು ಇದು: "ನನಗೆ ನನ್ನ ದೇಹವನ್ನು ನೋಡಿಕೊಳ್ಳಲು ಬಿಡುವೆಲ್ಲಿದೆ? ಬೆಳಿಗ್ಗೆ ಪೂಜೆ, ಆಮೇಲೆ ಎರಡು ಬಸ್ಸು ಹತ್ತಿ ಕಚೇರಿ, ಮಾರ್ಚ್ ತಿಂಗಳಾದರೆ ಲೆಕ್ಕಪತ್ರದ ಗೊಂದಲ, ಮಗಳ ಮದುವೆಯ ಸಾಲ, ತಂದೆಯವರ ಆಸ್ಪತ್ರೆ. ಇವೆಲ್ಲ ಪರರಿಗಾಗಿ ಮಾಡುವ ಕೆಲಸ. ಇವುಗಳನ್ನು ತಡೆದು ನನ್ನ ಸಕ್ಕರೆಯ ಲೆಕ್ಕವನ್ನು ಬರೆಯುತ್ತ ಕುಳಿತರೆ ಅದು ಸ್ವಾರ್ಥವಾಗುವುದಿಲ್ಲವೆ? ದೇಹಕ್ಕೆ ಕ್ಲೇಶವಾದೀತೆಂಬ ಭಯದಿಂದ ಕರ್ಮವನ್ನು ಬಿಡುವುದು ರಾಜಸತ್ಯಾಗವೆಂದು ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿಯೇ ಹೇಳಿದೆಯಲ್ಲ?" ಗೃಹಿಣಿಯು ಇಷ್ಟು ಶಾಸ್ತ್ರವನ್ನು ಹೇಳುವುದಿಲ್ಲ. ಅವಳು ಎಲ್ಲರಿಗಿಂತ ಮೊದಲು ಏಳುತ್ತಾಳೆ, ಎಲ್ಲರಿಗಿಂತ ಕೊನೆಗೆ ಉಣ್ಣುತ್ತಾಳೆ, "ನನ್ನದೇನು ಬಿಡಿ" ಎಂದು ಮುಗಿಸಿಬಿಡುತ್ತಾಳೆ. ಇಬ್ಬರ ಅಭಿಪ್ರಾಯವೂ ಒಂದೇ. ತನ್ನನ್ನು ಮರೆಯುವುದೇ ಧರ್ಮ ಎಂಬುದೇ ಆ ಅಭಿಪ್ರಾಯ.

ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾವು ಹೇಳುವುದಿಲ್ಲ. ತನ್ನವರಿಗಾಗಿ ದೇಹವನ್ನು ಸವೆಸಿದವರಿಂದಲೇ ನಮ್ಮ ಮನೆತನಗಳು ನಿಂತಿವೆ. ಆದರೆ ತ್ಯಾಗವೆಂಬುದನ್ನು ಪರೀಕ್ಷಿಸುವಾಗ ಅದರ ಬೆಲೆಯನ್ನು ತೆರುವವರು ಯಾರೆಂದು ನೋಡಬೇಕು. ಇಂದು ಊಟವನ್ನು ತಪ್ಪಿಸಿ ಕಚೇರಿಯ ಕೆಲಸವನ್ನು ಮುಗಿಸಿದವನು ಒಂದು ಗಂಟೆಯನ್ನು ಉಳಿಸಿರಬಹುದು. ಹದಿನೈದು ವರ್ಷಗಳ ಮೇಲೆ ಮೂತ್ರಪಿಂಡಗಳು ಸೋತು ವಾರಕ್ಕೆ ಮೂರು ದಿನ ರಕ್ತಶುದ್ಧಿಗಾಗಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಆಗ ಜೊತೆಗೆ ಹೋಗುವವನು ಮಗ. ಚಿನ್ನವನ್ನು ಅಡವಿಡುವವಳು ಹೆಂಡತಿ. ರಜೆಗಾಗಿ ಅಂಗಲಾಚುವವಳು ಮಗಳು. ಯಾರಿಗಾಗಿ ತ್ಯಾಗ ಮಾಡಿದೆನೆಂದು ಅವನು ತಿಳಿದಿದ್ದನೋ ಅವರ ಮೇಲೆಯೇ ಸಾಲದ ಪತ್ರವನ್ನು ಬರೆದಂತಾಯಿತು. ಇದು ತ್ಯಾಗವಲ್ಲ, ಅವರನ್ನು ಕೇಳದೆ ಅವರ ಹೆಸರಿನಲ್ಲಿ ಮಾಡಿದ ಸಾಲ. ಗೀತೆಯು ನಿಂದಿಸಿದುದು ಕಷ್ಟಕ್ಕೆ ಹೆದರಿ ಕರ್ತವ್ಯವನ್ನು ಬಿಡುವುದನ್ನು. ಮುಂದೆಯೂ ಕರ್ತವ್ಯವನ್ನು ಮಾಡುವ ಶಕ್ತಿಯಿರಲೆಂದು ದೇಹವನ್ನು ರಕ್ಷಿಸಿಕೊಳ್ಳುವವನು ಏನನ್ನೂ ಬಿಡುತ್ತಿಲ್ಲ. ಇದಲ್ಲದೆ, ಅತಿಯಾಗಿ ಉಣ್ಣುವವನಿಗೂ ಉಣ್ಣದೆಯೇ ಇರುವವನಿಗೂ ಯೋಗವು ಸಿದ್ಧಿಸದೆಂದು ಅದೇ ಗೀತೆಯ ಆರನೆಯ ಅಧ್ಯಾಯವೂ, ದೇಹವನ್ನು ವೃಥಾ ಪೀಡಿಸುವ ತಪಸ್ಸು ಸಲ್ಲದೆಂದು ಹದಿನೇಳನೆಯ ಅಧ್ಯಾಯವೂ ತಿಳಿಸುತ್ತವೆಯಷ್ಟೆ.

ಇನ್ನೊಂದು ವಿವೇಕವೂ ಅವಶ್ಯ. ಕೆಲಸ ಹೆಚ್ಚಾಗಿರುವುದು ಬೇರೆ, ಕರ್ತವ್ಯನಿಷ್ಠೆ ಬೇರೆ. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಹಚ್ಚಿಕೊಳ್ಳುವುದು, ಶಾಂತಿಯಿಲ್ಲದ ಓಡಾಟ, ಇನ್ನೂ ಬೇಕೆಂಬ ಹಂಬಲ ಇವು ರಜೋಗುಣವು ಹೆಚ್ಚಿದುದರ ಗುರುತುಗಳೆಂದು ಹದಿನಾಲ್ಕನೆಯ ಅಧ್ಯಾಯದಲ್ಲಿ ಹೇಳಲ್ಪಟ್ಟಿದೆ. ನಮ್ಮ ದಿನವನ್ನು ತುಂಬಿರುವ ಕೆಲಸಗಳನ್ನೆಲ್ಲ ಒಂದು ಕಾಗದದ ಮೇಲೆ ಬರೆದು, ಇವುಗಳಲ್ಲಿ ಯಾವುವು ನಾವು ಮಾಡದಿದ್ದರೆ ನಿಜವಾಗಿ ಯಾರಿಗಾದರೂ ಹಾನಿಯಾದೀತು, ಯಾವುವು ಕೇವಲ "ಇಲ್ಲ" ಎನ್ನಲಾರದೆ ಒಪ್ಪಿಕೊಂಡವು, ಯಾವುವು ನಾಲ್ಕು ಜನರ ಹೊಗಳಿಕೆಗಾಗಿ ಹಿಡಿದವು ಎಂದು ವಿಂಗಡಿಸಿದರೆ, ಪಟ್ಟಿಯ ಮೂರರಲ್ಲೊಂದು ಪಾಲಾದರೂ ಹಗುರವಾಗುತ್ತದೆಂದು ನಮಗೆ ತೋರುತ್ತದೆ. ಹೀಗೆ ಹಗುರವಾದ ಭಾಗವು ದೇಹಕ್ಕೆ ಸಲ್ಲಬೇಕಾದ ಪಾಲು.

ಮನಸ್ಸಿನ ಉದ್ವೇಗಕ್ಕೂ ಸಕ್ಕರೆಗೂ ಇರುವ ಸಂಬಂಧವು ಕವಿಕಲ್ಪನೆಯಲ್ಲ. ಭಯವಾದಾಗ, ಕೋಪ ಬಂದಾಗ, ಅವಸರದಲ್ಲಿರುವಾಗ ದೇಹವು ಹೋರಾಟಕ್ಕೋ ಓಟಕ್ಕೋ ಸಿದ್ಧವಾಗುತ್ತದೆ. ಅಡ್ರಿನಲಿನ್, ಕಾರ್ಟಿಸೋಲ್ ಮೊದಲಾದ ರಸಗಳು ರಕ್ತಕ್ಕೆ ಸೇರುತ್ತವೆ. ಅವುಗಳ ಆಜ್ಞೆಯಂತೆ ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಗೆ ಬಿಡುತ್ತದೆ. ಇನ್ಸುಲಿನ್ನಿನ ಪ್ರಭಾವವು ಕುಂದುತ್ತದೆ. ಕಾಡಿನಲ್ಲಿ ಹುಲಿಯನ್ನು ಕಂಡು ಓಡುವವನಿಗೆ ಈ ಸಕ್ಕರೆಯು ಉಪಯೋಗಕ್ಕೆ ಬರುತ್ತದೆ. ಕುರ್ಚಿಯ ಮೇಲೆ ಕುಳಿತು ದೂರವಾಣಿಯಲ್ಲಿ ಬೈಗುಳವನ್ನು ಕೇಳುವವನಿಗೆ ಅದು ರಕ್ತದಲ್ಲಿಯೇ ಉಳಿಯುತ್ತದೆ. ನಿದ್ದೆಗೆಟ್ಟ ರಾತ್ರಿಯೂ ಹೀಗೆಯೇ ಇನ್ಸುಲಿನ್ನಿನ ಬಲವನ್ನು ಕಡಿಮೆಮಾಡುತ್ತದೆ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಹಗಲಿಗೆ ಹೊಂದಿ ಕೆಲಸ ಮಾಡುವ ನಮ್ಮ ಮಕ್ಕಳು ಇದನ್ನು ವಿಶೇಷವಾಗಿ ತಿಳಿದಿರಬೇಕು. ಆದುದರಿಂದ ಮನಃಶಾಂತಿಯೆಂಬುದು ಮಧುಮೇಹಿಗೆ ಪರಲೋಕದ ಸಾಧನವಷ್ಟೇ ಅಲ್ಲದೆ ಪಥ್ಯದ ಒಂದು ಅಂಗವೂ ಆಗಿದೆ. ಆದರೆ ಶಾಂತಿಯು ಮಾತ್ರೆಯ ಸ್ಥಾನವನ್ನು ತುಂಬಲಾರದು. ಜಪಕ್ಕೆ ಕುಳಿತೆನೆಂದು ಇನ್ಸುಲಿನ್ನನ್ನು ಬಿಟ್ಟವನು ಎರಡನ್ನೂ ಅಪಾರ್ಥ ಮಾಡಿಕೊಂಡವನು.

ಹಾಗಾದರೆ ಸಮಯವೆಲ್ಲಿಂದ ಬರಬೇಕು? ಇದಕ್ಕೆ ಉತ್ತರವು ನಮ್ಮ ಆಹ್ನಿಕದಲ್ಲಿಯೇ ಇದೆ. ಎಷ್ಟೇ ಅವಸರವಿರಲಿ, ಸಂಧ್ಯಾವಂದನೆಯನ್ನು ಬಿಡದ ಅನೇಕ ಉದ್ಯೋಗಸ್ಥರು ನಮ್ಮ ನಡುವೆ ಇದ್ದಾರೆ. ಅವರಿಗೆ ಇತರರಿಗಿಂತ ಹೆಚ್ಚು ಗಂಟೆಗಳನ್ನು ಯಾರೂ ಕೊಟ್ಟಿಲ್ಲ. ಅವರು ಪ್ರತಿದಿನವೂ "ಇಂದು ಮಾಡಲೇ, ಬೇಡವೇ?" ಎಂದು ಯೋಚಿಸುವುದಿಲ್ಲ; ಅಷ್ಟೆ. ನಿಯಮದ ಮಹಿಮೆ ಇದೇ. ಅದು ನಿರ್ಧಾರದ ಶ್ರಮವನ್ನು ತಪ್ಪಿಸುತ್ತದೆ. ದಣಿದ ಮನಸ್ಸಿಗೆ ಪ್ರತಿಸಲವೂ ಹೊಸದಾಗಿ ನಿರ್ಧರಿಸುವ ಭಾರವನ್ನು ಹೊರಿಸಿದರೆ ಅದು ಸೋಲುವುದು ಸಹಜ. ಮಾತ್ರೆ, ಊಟದ ಹೊತ್ತು, ನಡಿಗೆ, ರಾತ್ರಿಯ ನಿದ್ರೆ ಈ ನಾಲ್ಕನ್ನು ಆಹ್ನಿಕದ ಅಂಗಗಳಂತೆ ಸ್ಥಿರಪಡಿಸಿಕೊಂಡವನಿಗೆ ಮಧುಮೇಹದ ಭಾರವು ಅರ್ಧ ಇಳಿಯುತ್ತದೆ. ಇದಕ್ಕೆ ದೊಡ್ಡ ಸಾಹಸವೇನೂ ಬೇಕಾಗಿಲ್ಲ. ವಾರಕ್ಕೆ ಒಟ್ಟು 150 ನಿಮಿಷಗಳ ಚುರುಕಾದ ನಡಿಗೆ ಸಾಕೆಂದು ವೈದ್ಯರು ಹೇಳುತ್ತಾರೆ. ಒಂದು ನಿಲ್ದಾಣ ಮೊದಲೇ ಬಸ್ಸಿನಿಂದಿಳಿದು ನಡೆದರೂ ಅದರಲ್ಲಿ ಒಂದು ಪಾಲು ಸಂದಾಯವಾಯಿತು. ಊಟವಾದ ಮೇಲೆ ಹತ್ತು ನಿಮಿಷ ಅಂಗಳದಲ್ಲಿ ಅಡ್ಡಾಡಿದರೂ ಪ್ರಯೋಜನವುಂಟು. ಭಾರತದಲ್ಲಿಯೇ ನಡೆದು 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ರೋಗದ ಹೊಸ್ತಿಲಲ್ಲಿದ್ದವರು ಆಹಾರವನ್ನು ತಿದ್ದಿಕೊಂಡು ನಡಿಗೆಯನ್ನು ಹೆಚ್ಚಿಸಿದುದರಿಂದ ಅವರಿಗೆ ಮಧುಮೇಹವು ಬರುವ ಸಂಭವವು ಶೇಕಡಾ 28ರಷ್ಟು ಕಡಿಮೆಯಾಯಿತು. ಅವರಾರೂ ಉದ್ಯೋಗವನ್ನು ಬಿಟ್ಟು ಆಶ್ರಮವನ್ನು ಸೇರಿದವರಲ್ಲ.

ಇಲ್ಲಿ ಒಂದು ಸೂಕ್ಷ್ಮವಾದ ಆಕ್ಷೇಪವು ಬರುತ್ತದೆ. "ಎಲ್ಲವೂ ಅವನ ಇಚ್ಛೆ, ಹಣೆಯಲ್ಲಿ ಬರೆದುದು ತಪ್ಪುವುದಿಲ್ಲ. ತಂದೆಗೂ ಇತ್ತು, ತಾತನಿಗೂ ಇತ್ತು, ನನಗೂ ಬಂದಿದೆ. ನಾನು ಮಾಡುವುದೇನಿದೆ?" ಎಂದು ಕೆಲವರು ಕೈಚೆಲ್ಲುತ್ತಾರೆ. ಜೀವನಿಗೆ ಕರ್ತೃತ್ವವು ಉಂಟು, ಆದರೆ ಅದು ಪರಾಧೀನ ಎಂಬ ಶ್ರೀಮದಾಚಾರ್ಯರ ಸಿದ್ಧಾಂತವನ್ನು ಬಲ್ಲವರು ಹೀಗೆ ಹೇಳುವಂತಿಲ್ಲ. ಸೂತ್ರಭಾಷ್ಯದಲ್ಲಿ ಬರುವ ಬಡಗಿಯ ದೃಷ್ಟಾಂತವನ್ನು ವಾಚಕರು ಪ್ರವಚನಗಳಲ್ಲಿ ಕೇಳಿರಬಹುದು. ಬಡಗಿಯು ಮಾಡಿಸುವವನ ಅಧೀನದಲ್ಲಿದ್ದಾನೆ. ಆದರೂ ಉಳಿಯನ್ನು ಹಿಡಿದು ಕೆಲಸ ಮಾಡುವವನು ಅವನೇ. ಮಾಡಿಸುವವನಿದ್ದಾನೆಂದು ಬಡಗಿಯು ಉಳಿಯನ್ನು ಕೆಳಗಿಟ್ಟರೆ ಬಾಗಿಲು ಆಗುವುದಿಲ್ಲ. ಮಧುಮೇಹಿಯ ಸ್ಥಿತಿಯು ಇದಕ್ಕೆ ಕೈಗನ್ನಡಿಯಂತಿದೆ. ವಂಶದಿಂದ ಬಂದುದು ಅವನ ವಶದಲ್ಲಿಲ್ಲ. ಬೆಳಗಿನ ಜಾವ ದೇಹದೊಳಗೆ ಏರುವ ರಸಗಳು ಅವನ ವಶದಲ್ಲಿಲ್ಲ. ರಾತ್ರಿ ಮಿತವಾಗಿ ಉಂಡಿದ್ದರೂ ಮುಂಜಾನೆ ಸಕ್ಕರೆಯು ಏರಿರುವುದುಂಟು. ನೆಗಡಿ, ಜ್ವರ, ನಿದ್ರಾಭಂಗಗಳು ಲೆಕ್ಕವನ್ನು ತಪ್ಪಿಸುತ್ತವೆ. ಆದರೂ ತಟ್ಟೆಯ ಮೇಲಿನ ಕೈ ಅವನದು, ನಡೆಯುವ ಕಾಲು ಅವನದು. ಪ್ರಯತ್ನವು ಸ್ವತಂತ್ರವಲ್ಲವೆಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ.

ಫಲದಲ್ಲಿ ಆಸಕ್ತಿಯಿರಬಾರದೆಂಬ ಉಪದೇಶಕ್ಕೂ ಇದೇ ರೀತಿಯ ಅಪಾರ್ಥವು ಅಂಟಿಕೊಂಡಿದೆ. ಅನಾಸಕ್ತಿಯೆಂದರೆ ಅಲಕ್ಷ್ಯವಲ್ಲ. ಮಳೆಯು ತನ್ನ ಕೈಯಲ್ಲಿಲ್ಲವೆಂದು ರೈತನು ಬದುವನ್ನು ಕಟ್ಟದೆ ಬಿಡುವುದಿಲ್ಲ. ಬದು ಕಟ್ಟಿದ ಮೇಲೆ ಮಳೆ ಬಾರದಿದ್ದರೆ ತನ್ನನ್ನು ತಾನು ಶಪಿಸಿಕೊಳ್ಳುವುದೂ ಇಲ್ಲ. ಈ ಎರಡನೆಯ ಭಾಗವನ್ನು ನಾವು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಅಲಕ್ಷ್ಯಕ್ಕೆ ಎದುರಾದ ಇನ್ನೊಂದು ದೋಷವೂ ಇಂದು ಬೆಳೆಯುತ್ತಿದೆ. ಕೆಲವರು ದಿನಕ್ಕೆ ಹತ್ತು ಬಾರಿ ಬೆರಳನ್ನು ಚುಚ್ಚಿ ಸಂಖ್ಯೆಯನ್ನು ನೋಡುತ್ತಾರೆ, ಅದು ಇಳಿದರೆ ಹಿಗ್ಗು, ಏರಿದರೆ ಪಾಪಿಷ್ಠರೆಂಬ ಭಾವನೆ, ಊಟವೆಂದರೆ ಭಯ, ಮಾತೆಲ್ಲ ಅದರದೇ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಪದೇ ಪದೇ ಪರೀಕ್ಷೆ ಅವಶ್ಯವೆಂಬುದು ಬೇರೆ ಮಾತು. ದೇಹವನ್ನು ಮರೆಯುವುದು ಹೇಗೆ ತಪ್ಪೋ ದೇಹವನ್ನೇ ದೇವರನ್ನಾಗಿ ಮಾಡಿಕೊಳ್ಳುವುದೂ ಹಾಗೆಯೇ ತಪ್ಪು. ಒಂದು ದಿನದ ಸಂಖ್ಯೆಯು ತೀರ್ಪಲ್ಲ, ಅದು ವರದಿ. ಎಚ್.ಬಿ.ಎ.1ಸಿ. ಎಂಬ ಪರೀಕ್ಷೆಯು ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಅನೇಕ ವಯಸ್ಕರಿಗೆ ಅದು ಶೇಕಡಾ 7ಕ್ಕಿಂತ ಕಡಿಮೆಯಿರಬೇಕೆಂದೂ, ವೃದ್ಧರಿಗೂ ದುರ್ಬಲರಿಗೂ ಅಷ್ಟು ಬಿಗಿ ಬೇಡವೆಂದೂ ವೈದ್ಯರು ನಿಶ್ಚಯಿಸುತ್ತಾರೆ. ಬ್ರಿಟನ್ನಿನಲ್ಲಿ ನಡೆದ ದೀರ್ಘಕಾಲದ ಅಧ್ಯಯನದ ಫಲವು 1998ರಲ್ಲಿ ಪ್ರಕಟವಾದಾಗ, ಸಕ್ಕರೆಯನ್ನು ಹತೋಟಿಯಲ್ಲಿಟ್ಟವರಲ್ಲಿ ಕಣ್ಣು, ಮೂತ್ರಪಿಂಡ ಮೊದಲಾದವುಗಳ ತೊಂದರೆಯು ನಾಲ್ಕರಲ್ಲೊಂದು ಪಾಲು ಕಡಿಮೆಯಾದುದು ತಿಳಿದುಬಂದಿತು. ಇನ್ನೂ ಹತ್ತು ವರ್ಷಗಳ ಮೇಲೆ, 2008ರಲ್ಲಿ ನೋಡಿದಾಗ, ಆ ಮೊದಲ ವರ್ಷಗಳ ಜಾಗರೂಕತೆಯ ಫಲವು ಮುಂದೆಯೂ ಉಳಿದಿತ್ತು. ಮಾಡಿದ ಸತ್ಕರ್ಮವು ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಶರೀರವೇ ಸಾಕ್ಷಿ ಹೇಳುತ್ತಿದೆ.

ಇನ್ನು ವ್ರತೋಪವಾಸಗಳ ವಿಷಯ. ಏಕಾದಶಿಯ ಉಪವಾಸಕ್ಕೆ ನಮ್ಮಲ್ಲಿ ಎಷ್ಟು ಮಹತ್ತ್ವವಿದೆಯೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ಅದೇ ಕಾರಣದಿಂದ ಇಲ್ಲಿ ಸಂಕಟವೂ ಹೆಚ್ಚು. ಇನ್ಸುಲಿನ್ನನ್ನೋ, ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳನ್ನೋ ತೆಗೆದುಕೊಂಡು ಉಪವಾಸವಿದ್ದರೆ ಸಕ್ಕರೆಯು 70 ಮಿಲಿಗ್ರಾಮಿಗಿಂತ ಕೆಳಗಿಳಿಯಬಹುದು. ಬೆವರು, ನಡುಕ, ಎದೆಬಡಿತ, ಕಣ್ಣು ಮಂಜಾಗುವುದು, ಮಾತು ತೊದಲುವುದು ಇದರ ಲಕ್ಷಣಗಳು. ಅಲಕ್ಷಿಸಿದರೆ ಪ್ರಜ್ಞೆ ತಪ್ಪುತ್ತದೆ, ಪ್ರಾಣಕ್ಕೂ ಅಪಾಯ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಗೆ ಹಾಕುವ ಹೊಸ ಬಗೆಯ ಮಾತ್ರೆಗಳನ್ನು ಸೇವಿಸುವವರು ನೀರನ್ನೂ ಬಿಟ್ಟು ದೀರ್ಘಕಾಲ ಉಪವಾಸವಿದ್ದರೆ ರಕ್ತವು ಆಮ್ಲೀಯವಾಗುವ ಭಯವಿದೆ. ಇದಕ್ಕೆ ಹೆದರಿ ತಾವೇ ಮಾತ್ರೆಯನ್ನು ಬಿಟ್ಟು ಉಪವಾಸ ಮಾಡಿ, ದ್ವಾದಶಿಯ ಪಾರಣೆಯಲ್ಲಿ ಎರಡು ದಿನದ ಊಟವನ್ನು ಒಮ್ಮೆಗೇ ಮಾಡುವುದು ಇನ್ನೊಂದು ಅನರ್ಥ.

ಔಷಧವೂ ಗುರುವಿನ ಮಾತೂ ವ್ರತಭಂಗವನ್ನು ಮಾಡುವುದಿಲ್ಲವೆಂದು ಮಹಾಭಾರತದಲ್ಲಿಯೇ ಹೇಳಿದೆ. ಶಾಸ್ತ್ರವು ರೋಗಿಯನ್ನು ಮರೆತಿಲ್ಲ. ರೋಗಿಯು ತನ್ನ ಹಟದಲ್ಲಿ ಶಾಸ್ತ್ರವನ್ನು ಮರೆಯುತ್ತಾನೆ. ನಿತ್ಯವೂ ಔಷಧವನ್ನು ಸೇವಿಸುವವನು ಮೊದಲು ವೈದ್ಯರನ್ನು ಕೇಳಲಿ. ಅವರು ಹೇಳಿದುದನ್ನು ಗುರುಗಳ ಸನ್ನಿಧಿಯಲ್ಲಿ ಮುಚ್ಚುಮರೆಯಿಲ್ಲದೆ ನಿವೇದಿಸಲಿ. ಅವರು ಅನುಗ್ರಹಿಸಿದಂತೆ ನಡೆಯಲಿ. ದೇಹದ ನಿರ್ಣಯವು ವೈದ್ಯರದು, ವಿಧಿಯ ನಿರ್ಣಯವು ಗುರುಗಳದು. ಎರಡನ್ನೂ ತಾನೇ ಮಾಡಿಕೊಳ್ಳುವುದರಲ್ಲಿ ಭಕ್ತಿಗಿಂತ ಅಹಂಕಾರವೇ ಹೆಚ್ಚಾಗಿರುತ್ತದೆ. ಚಾತುರ್ಮಾಸ್ಯದಲ್ಲಿಯೂ ಹೀಗೆಯೇ. ಶಾಕವ್ರತದ ತಿಂಗಳಲ್ಲಿ ತರಕಾರಿ ಹೋದರೆ ಎಲೆಯ ಮೇಲೆ ಅನ್ನವು ಹೆಚ್ಚುತ್ತದೆ. ದ್ವಿದಳವ್ರತದ ತಿಂಗಳಲ್ಲಿ ಬೇಳೆಕಾಳು ಹೋದರೆ ಆ ಜಾಗವನ್ನೂ ಅನ್ನವೇ ತುಂಬುತ್ತದೆ. ವ್ರತವು ಕೇಳಿದುದು ತ್ಯಾಗವನ್ನು, ಅನ್ನದ ರಾಶಿಯನ್ನಲ್ಲ. ಫಲಾಹಾರವೆಂಬ ಹೆಸರಿನಲ್ಲಿ ಸಾಬಕ್ಕಿ, ಅವಲಕ್ಕಿಗಳನ್ನು ಹೊಟ್ಟೆತುಂಬ ತಿನ್ನುವುದೂ, ಬೆಲ್ಲವು ಸಕ್ಕರೆಯಲ್ಲವೆಂದು ಸಮಾಧಾನಪಟ್ಟುಕೊಳ್ಳುವುದೂ ರಕ್ತದ ಲೆಕ್ಕದಲ್ಲಿ ನಡೆಯುವುದಿಲ್ಲ. ಬೆಲ್ಲ, ಜೇನುಗಳೂ ಸಕ್ಕರೆಯಂತೆಯೇ ಏರಿಸುತ್ತವೆ.

ಈ ರೋಗಕ್ಕೆ ಉಪವಾಸವೊಂದೇ ಮದ್ದಾಗಿದ್ದ ಕಾಲವೂ ಇತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು. ಇನ್ಸುಲಿನ್ ದೊರೆಯುವ ಮೊದಲು ಮಧುಮೇಹವುಳ್ಳ ಮಕ್ಕಳಿಗೆ ಅಸ್ಥಿಪಂಜರವಾಗುವಷ್ಟು ಅಲ್ಪಾಹಾರವನ್ನು ಕೊಟ್ಟು ಕೆಲವು ತಿಂಗಳು, ವರ್ಷ ಉಳಿಸಿಕೊಳ್ಳುತ್ತಿದ್ದರು. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಆ ದ್ರವವನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲೆನರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಅದನ್ನು ಮೊದಲಬಾರಿಗೆ ಚುಚ್ಚಲಾಯಿತು. ಕಂಡುಹಿಡಿದವರು ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಹೀಗೆ ನಿಃಸ್ವಾರ್ಥದಿಂದ ಬಂದ ಔಷಧವನ್ನು ಪೆಟ್ಟಿಗೆಯಲ್ಲಿಟ್ಟು, "ಚುಚ್ಚಿಕೊಳ್ಳಲು ಬಿಡುವಾಗಲಿಲ್ಲ" ಎಂದು ಹೇಳುವುದು ಎಂಥ ಕೃತಘ್ನತೆಯೆಂಬುದನ್ನು ವಿವೇಕಿಗಳು ಯೋಚಿಸಬೇಕು.

ಇಷ್ಟೆಲ್ಲ ರೋಗಿಯ ಧರ್ಮವನ್ನು ಹೇಳಿದ ಮೇಲೆ ಸುತ್ತಲಿನವರ ಧರ್ಮವನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. "ಒಂದು ಹೋಳಿಗೆಯಿಂದ ಏನಾಗುತ್ತದೆ? ಇಂದೊಂದು ದಿನ" ಎಂದು ಬಲವಂತ ಮಾಡುವುದು ನಮ್ಮಲ್ಲಿ ಉಪಚಾರವೆನಿಸಿದೆ. ಯುಗಾದಿ, ರಾಮನವಮಿ, ಗೋಕುಲಾಷ್ಟಮಿ, ಗೌರಿ ಗಣೇಶ, ನವರಾತ್ರಿ, ದೀಪಾವಳಿ. ಇವುಗಳ ನಡುವೆ ಮದುವೆ, ಮುಂಜಿ, ಆರಾಧನೆಗಳು. ಪಂಚಾಂಗವನ್ನು ತೆರೆದು ನೋಡಿದರೆ "ಇಂದೊಂದು ದಿನ" ಎಂಬುದು ವರ್ಷದಲ್ಲಿ ಎಷ್ಟು ದಿನವೆಂಬುದು ತಿಳಿಯುತ್ತದೆ. ಪ್ರಸಾದವನ್ನು ನಿರಾಕರಿಸಬೇಕೆಂದು ನಾವು ಹೇಳುತ್ತಿಲ್ಲ. ಪ್ರಸಾದದ ಪಾವಿತ್ರ್ಯವು ಪ್ರಮಾಣದಲ್ಲಿಲ್ಲ. ಅಂಗೈಯ ಮೇಲಿನ ಒಂದು ಚಿಟಿಕೆ ಹಯಗ್ರೀವವೂ ಪೂರ್ಣಪ್ರಸಾದವೇ. ಬಡಿಸುವವರು ಎಲೆಯ ಮೇಲೆ ಅಡ್ಡವಿಟ್ಟ ಕೈಯನ್ನು ಕಂಡು ಸುಮ್ಮನೆ ಮುಂದೆ ಹೋದರೆ ಅದೇ ಅವರ ಅತಿಥಿಸತ್ಕಾರ. ಪಾಯಸಕ್ಕೆ ಬದಲಾಗಿ ಇನ್ನೊಂದು ಸಲ ಕೋಸಂಬರಿಯನ್ನು ಬಡಿಸಿದರೆ ಇನ್ನೂ ಪುಣ್ಯ.

ಮನೆಯವರ ಪಾಲೂ ಇದೆ. ಮಡಿಯಲ್ಲಿ ಮಧ್ಯಾಹ್ನದವರೆಗೆ ಒಲೆಯ ಮುಂದೆ ನಿಂತಿರುವ ಗೃಹಿಣಿಯು ಮಾತ್ರೆಯನ್ನು ತೆಗೆದುಕೊಂಡಿದ್ದಾಳೆಯೆ, ಏನನ್ನಾದರೂ ಸೇವಿಸಿದ್ದಾಳೆಯೆ ಎಂದು ಕೇಳುವವರು ಯಾರು? ಹಬ್ಬದ ಅಡಿಗೆಯನ್ನು ಇಬ್ಬರು ಹಂಚಿಕೊಳ್ಳುವುದರಿಂದಲೋ, ಎರಡು ಬಗೆಯನ್ನು ಕಡಿಮೆ ಮಾಡುವುದರಿಂದಲೋ ದೇವರಿಗೆ ಕೊರತೆಯಾಗುವುದಿಲ್ಲ. ಆಕೆಯು ಬೆವತು ನಡುಗಿದಾಗ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಒಡನೆ ಕುಡಿಸಬೇಕು, ಹದಿನೈದು ನಿಮಿಷಗಳ ಮೇಲೆ ಮತ್ತೆ ನೋಡಬೇಕು, ಪ್ರಜ್ಞೆಯಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬಿಷ್ಟು ತಿಳಿವಳಿಕೆಯು ಮನೆಯ ಮಕ್ಕಳಿಗೂ ಇರಬೇಕು. ದೇವಾಲಯಗಳ ವ್ಯವಸ್ಥಾಪಕರೂ ಒಂದು ವಿಷಯವನ್ನು ಗಮನಿಸಬಹುದು. ಬೇಸಗೆಯ ನಡುಹಗಲಿನಲ್ಲಿ ಕಾದ ಕಲ್ಲಿನ ಪ್ರಾಕಾರದಲ್ಲಿ ಬರಿಗಾಲಿನಿಂದ ಪ್ರದಕ್ಷಿಣೆ ಮಾಡುವ ಮಧುಮೇಹಿಗೆ, ನರಗಳು ಜಡವಾಗಿದ್ದರೆ, ಅಂಗಾಲು ಸುಟ್ಟರೂ ತಿಳಿಯುವುದಿಲ್ಲ. ಆ ಗುಳ್ಳೆಯೇ ಹುಣ್ಣಾಗಿ ಕಾಲನ್ನೇ ಕಳೆದುಕೊಂಡವರುಂಟು. ಪ್ರದಕ್ಷಿಣಪಥದಲ್ಲಿ ಒಂದು ನಾರಿನ ಹಾಸು, ಬೆಳಿಗ್ಗೆ ಸಂಜೆ ಪ್ರದಕ್ಷಿಣೆ ಮಾಡಿರೆಂಬ ಒಂದು ಫಲಕ ಇವು ದೊಡ್ಡ ವೆಚ್ಚದವಲ್ಲ. ಭಕ್ತನು ತಾನೂ ರಾತ್ರಿ ಮಲಗುವ ಮೊದಲು ತನ್ನ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳುವ ಅಭ್ಯಾಸವಿಟ್ಟುಕೊಳ್ಳಲಿ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ದೇಹವು ನಾವು ಗಳಿಸಿದ ಆಸ್ತಿಯಲ್ಲ, ನಮ್ಮಲ್ಲಿ ಇರಿಸಲ್ಪಟ್ಟ ನ್ಯಾಸ. ಪರರ ಒಡವೆಯನ್ನು ಇಟ್ಟುಕೊಂಡವನು ಅದನ್ನು ತೊಟ್ಟು ಮೆರೆಯಲೂ ಕೂಡದು, ಮೂಲೆಗೆಸೆದು ತುಕ್ಕುಹಿಡಿಸಲೂ ಕೂಡದು. ಕಾಪಾಡಬೇಕು, ಕೇಳಿದಾಗ ಒಪ್ಪಿಸಬೇಕು. ಬಿಡುವಿಲ್ಲವೆಂಬುದು ಅಲ್ಲಿ ಉತ್ತರವಾಗುವುದಿಲ್ಲ. ಎಷ್ಟು ಶ್ರದ್ಧೆಯಿಂದ ಕಾಪಾಡಿದೆ ಎಂಬುದಷ್ಟೇ ಪ್ರಶ್ನೆ. ಕಚೇರಿಯ ಲೆಕ್ಕವನ್ನು ಒಂದು ಪೈಸೆಯೂ ತಪ್ಪದಂತೆ ಬರೆಯುವವನು ಈ ಲೆಕ್ಕದಲ್ಲಿ ಮಾತ್ರ ಅಜಾಗರೂಕನಾಗಿರುವುದು ಉಚಿತವಲ್ಲ. ಹಾಗೆಯೇ, ಶಕ್ತಿಮೀರಿ ಪ್ರಯತ್ನಿಸಿದ ಮೇಲೆಯೂ ರೋಗವು ಮುಂದುವರಿದರೆ ಅದಕ್ಕಾಗಿ ತಲೆ ತಗ್ಗಿಸಬೇಕಾದ ಕಾರಣವೂ ಇಲ್ಲ. ಒಪ್ಪಿಸಿದವನಿಗೆ ಇಟ್ಟುಕೊಂಡವನ ನಿಷ್ಠೆಯು ತಿಳಿದಿದೆ. ಮುಂಬರುವ ಹಬ್ಬಗಳಲ್ಲಿ ನಮ್ಮ ವಾಚಕರು ಬಡಿಸುವಾಗಲೂ ಉಣ್ಣುವಾಗಲೂ ಇಷ್ಟನ್ನು ನೆನೆದರೆ ಈ ಬರೆಹವು ಸಾರ್ಥಕವಾಯಿತೆಂದು ಭಾವಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥